ಇಂಗ್ಲಿಷಿನ ‘ಓನ್ಲಿ’ ಸರಿಯಾಗಿ ಬಳಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಮಾತಾಡುವ ಕನ್ನಡಿಗರ ಬಾಯಲ್ಲಿ ದಿನಕ್ಕೆ ಎಷ್ಟೋ ಸಲ ಬರುವ ಪದ ‘ಓನ್ಲಿ’. ಮಾತುಕತೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಇದರ ಬಗ್ಗೆ ಒಂದೇ ಥರದ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಇಂಗ್ಲಿಷ್ ವಾಕ್ಯಗಳೂ ಕನ್ನಡ ಲಿಪಿಯಲ್ಲೇ ಇವೆ. ಕಣ್ಣಲ್ಲಿ ಓದಿ ಬಿಡಬೇಡಿ, ಬಾಯಿಬಿಟ್ಟು ಹೇಳಿ ನೋಡಿ. ಈ ಪದದ ಅರ್ಥ ಎಷ್ಟೋ ಸಲ ದನಿಯಲ್ಲೇ ಇರುತ್ತದೆ.

## ಶುರುಮಾಡುವವರಿಗೆ

‘ಓನ್ಲಿ’ ಅಂದ್ರೆ ‘ಮಾತ್ರ’ ತಾನೇ? ಅದರಲ್ಲಿ ಕಲಿಯೋಕೆ ಏನಿದೆ?

ಹೌದು, ಮೊದಲ ಅರ್ಥ ‘ಮಾತ್ರ’, ‘ಬರೀ’, ‘ಅಷ್ಟೇ’. ‘ಓನ್ಲಿ ರವಿ ಕೇಮ್’ ಎಂದರೆ ರವಿ ಮಾತ್ರ ಬಂದ. ‘ಐ ಹ್ಯಾವ್ ಓನ್ಲಿ ಟೆನ್ ರುಪೀಸ್’ ಎಂದರೆ ನನ್ನ ಹತ್ತಿರ ಇರುವುದು ಹತ್ತೇ ರೂಪಾಯಿ. ಇಷ್ಟರಲ್ಲಿ ಯಾರೂ ಎಡವುವುದಿಲ್ಲ.

ತೊಂದರೆ ಬರುವುದು ಬೇರೆ ಕಡೆ. ಕನ್ನಡದಲ್ಲಿ ಪದದ ಕೊನೆಗೆ ‘ಏ’ ಸೇರಿಸಿ ಒತ್ತಿ ಹೇಳುತ್ತೇವೆ. ಇಲ್ಲೇ, ಈಗಲೇ, ಅವನೇ, ಹಾಗೇ. ಶಾಲೆಯ ವ್ಯಾಕರಣದಲ್ಲಿ ಇದನ್ನು ಅವಧಾರಣಾರ್ಥಕ ಅವ್ಯಯ ಎಂದು ಬಾಯಿಪಾಠ ಮಾಡಿದ್ದು ನೆನಪಿರಬಹುದು. ಈ ‘ಏ’ ಕೆಲವು ಸಲ ‘ಮಾತ್ರ’ ಎಂಬ ಅರ್ಥ ಕೊಡುತ್ತದೆ. ಹತ್ತೇ ರೂಪಾಯಿ ಎಂದಾಗ ಕೊಟ್ಟದ್ದು ಅದನ್ನೇ. ಆದರೆ ಬಹಳಷ್ಟು ಸಲ ಅದರ ಕೆಲಸ ಬರೀ ಒತ್ತು ಕೊಡುವುದು. ನಾವು ಎರಡು ಕಡೆಯೂ ‘ಓನ್ಲಿ’ ಹಾಕಿಬಿಡುತ್ತೇವೆ. ಕನ್ನಡದ ‘ಏ’ ಒಬ್ಬರ ಕಡೆ ಬೆರಳು ತೋರಿಸುತ್ತದೆ. ಇಂಗ್ಲಿಷಿನ ‘ಓನ್ಲಿ’ ಉಳಿದವರಿಗೆ ಬಾಗಿಲು ಹಾಕುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಮುಂದಿನದು ಅರ್ಧಕ್ಕರ್ಧ ಸಲೀಸು.

‘ಐ ಆಮ್ ಹಿಯರ್ ಓನ್ಲಿ’ ಅನ್ನೋದು ತಪ್ಪಾ? ನಮ್ಮ ಕಡೆ ಎಲ್ಲರೂ ಹಾಗೇ ಹೇಳ್ತಾರಲ್ಲ?

ನಮ್ಮ ನಮ್ಮೊಳಗೆ ಆಡುವಾಗ ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ತಮಿಳು, ತೆಲುಗು, ಮಲಯಾಳಗಳಲ್ಲೂ ಹೀಗೆ ಒತ್ತು ಕೊಡುವ ರೂಪಗಳಿವೆ. ಹಿಂದಿಯಲ್ಲಿ ‘ಹೀ’ ಇದೆ. ಹಾಗಾಗಿ ‘ಹಿಯರ್ ಓನ್ಲಿ’, ‘ಲೈಕ್ ದ್ಯಾಟ್ ಓನ್ಲಿ’ ದೇಶದ ಉದ್ದಗಲಕ್ಕೂ ಓಡಾಡುತ್ತವೆ. ಭಾಷಾವಿಜ್ಞಾನಿಗಳು ಇದನ್ನು ಭಾರತೀಯ ಇಂಗ್ಲಿಷಿನ ಲಕ್ಷಣ ಎಂದೇ ಗುರುತಿಸಿದ್ದಾರೆ. ಅದು ಅಡ್ಡಾದಿಡ್ಡಿಯೂ ಅಲ್ಲ. ಯಾವ ಮಾತಿಗೆ ಒತ್ತು ಬೇಕೋ ಅದರ ಬೆನ್ನಿಗೇ ಬರುತ್ತದೆ, ನಮ್ಮ ‘ಏ’ ಬರುವ ಜಾಗದಲ್ಲೇ. ಹಾಗೆ ಮಾತಾಡುವವರನ್ನು ನೋಡಿ ನಗುವುದು ಸಣ್ಣತನ.

ಆದರೆ ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಕೂತು ಕೇಳುವವರಿಗೆ ಈ ವಾಕ್ಯ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ. ‘ಐ ಆಮ್ ಹಿಯರ್ ಓನ್ಲಿ ಫಾರ್ ಟೂ ಡೇಸ್’ ಎಂದು ಏನೋ ಮುಂದುವರಿಯುತ್ತದೆ ಎಂದು ಅವರು ಕಾಯುತ್ತಾರೆ. ಅಲ್ಲಿ ‘ಐ ಆಮ್ ರೈಟ್ ಹಿಯರ್’ ಎನ್ನಿ. ಎರಡೂ ಇಂಗ್ಲಿಷ್ ಬಂದರೆ ಲಾಭವೇ. ಯಾರ ಮುಂದೆ ಯಾವುದು ಎಂದು ಗೊತ್ತಿದ್ದರೆ ಆಯಿತು.

ಹಾಗಾದ್ರೆ ‘ಅಲ್ಲೇ’, ‘ಅವನೇ’, ‘ಅದೇ’ ಇವನ್ನೆಲ್ಲ ಇಂಗ್ಲಿಷಲ್ಲಿ ಹೇಗೆ ಹೇಳೋದು?

ಕನ್ನಡದಲ್ಲಿ ಒಂದೇ ‘ಏ’ ಮಾಡುವ ಕೆಲಸವನ್ನು ಇಂಗ್ಲಿಷ್ ಹತ್ತು ಪದಗಳಿಗೆ ಹಂಚಿಬಿಟ್ಟಿದೆ. ಹಾಗಾಗಿ ಒಂದಕ್ಕೆ ಒಂದು ಉತ್ತರ ಇಲ್ಲ. ಜಾಗಕ್ಕೆ ‘ರೈಟ್’ ಒಪ್ಪುತ್ತದೆ. ಅಲ್ಲೇ ಎಂದರೆ ‘ರೈಟ್ ದೇರ್’. ಈಗಲೇ ಎಂದರೆ ‘ರೈಟ್ ನೌ’. ‘ಅದೇ ಮನೆ’ ಎನ್ನಲು ‘ದ ಸೇಮ್ ಹೌಸ್’ ಅಥವಾ ‘ದ್ಯಾಟ್ ವೆರಿ ಹೌಸ್’. ‘ಅವನೇ ಹೇಳಿದ್ದು’ ಎನ್ನಲು ‘ಹೀ ಈಸ್ ದ ವನ್ ಹೂ ಟೋಲ್ಡ್ ಮೀ’. ಇಲ್ಲಿ ‘ಹೀ ಓನ್ಲಿ ಟೋಲ್ಡ್ ಮೀ’ ಎಂದರೆ ಹೊರಗಿನವರಿಗೆ ‘ಅವನು ಹೇಳಿದ ಅಷ್ಟೇ, ಇನ್ನೇನೂ ಮಾಡಲಿಲ್ಲ’ ಎಂದೋ ‘ನನಗೊಬ್ಬನಿಗೇ ಹೇಳಿದ’ ಎಂದೋ ಕೇಳುತ್ತದೆ. ‘ಹಾಗೇ ಬಿಡಿ’ ಎನ್ನಲು ‘ಲೀವ್ ಇಟ್ ಆಸ್ ಇಟ್ ಈಸ್’.

ಇಲ್ಲ ಎನ್ನುವ ವಾಕ್ಯದಲ್ಲಿ ‘ಏ’ ಬಂದರೆ ಇನ್ನೂ ಹುಷಾರಾಗಿರಬೇಕು. ‘ನನಗೇ ಗೊತ್ತಿಲ್ಲ’ ಎಂಬುದು ಇಂಗ್ಲಿಷಿನಲ್ಲಿ ‘ಈವನ್ ಐ ಡೋಂಟ್ ನೋ’ ಆಗುತ್ತದೆ. ‘ಹೋಗಲೇ ಇಲ್ಲ’ ಎಂಬುದು ‘ಐ ಡಿಡ್ನಾಟ್ ಗೋ ಅಟ್ ಆಲ್’ ಆಗುತ್ತದೆ. ಇನ್ನು ‘ಒಬ್ಬನೇ ಬಂದೆ’ ಎನ್ನಲು ‘ಐ ಕೇಮ್ ಅಲೋನ್’ ಸಾಕು. ‘ಐ ಓನ್ಲಿ ಕೇಮ್’ ಎಂದರೆ ಕೇಳಿದವರಿಗೆ ಮಾತು ಅರ್ಥವೇ ಆಗದೆ ಹೋಗಬಹುದು.

ಕೆಲವು ಕಡೆ ಇಂಗ್ಲಿಷ್ ಯಾವ ಪದವನ್ನೂ ಸೇರಿಸುವುದಿಲ್ಲ. ದನಿ ಏರಿಸುತ್ತದೆ, ಅಷ್ಟೇ. ‘ಐ ಲೈಕ್ ದಿಸ್ ವನ್’ ಎನ್ನುವಾಗ ‘ದಿಸ್’ ಮೇಲೆ ಭಾರ ಬಿದ್ದರೆ ನಮ್ಮ ‘ಇದೇ’ ಬಂದ ಹಾಗೆ.

ಎಲ್ಲಿ ಓನ್ಲಿ ಬರುತ್ತೆ, ಎಲ್ಲಿ ಬರಲ್ಲ ಅಂತ ಬೇಗ ಗೊತ್ತಾಗೋಕೆ ಏನಾದ್ರೂ ದಾರಿ ಇದ್ಯಾ?

ಇದೆ. ನಿಮ್ಮ ಕನ್ನಡ ವಾಕ್ಯದ ಕೊನೆಗೆ ‘ಬೇರೆ ಯಾವುದೂ ಇಲ್ಲ’ ಅಥವಾ ‘ಬೇರೆ ಯಾರೂ ಇಲ್ಲ’ ಎಂದು ಸೇರಿಸಿ ನೋಡಿ. ನೀವು ಹೇಳಬೇಕೆಂದಿದ್ದು ಅದನ್ನೇ ಆದರೆ ‘ಓನ್ಲಿ’ ಹಾಕಿ. ಅಲ್ಲದಿದ್ದರೆ ಬಿಡಿ.

‘ನಾನು ಕಾಫಿಯೇ ಕುಡಿಯೋದು.’ ಬೇರೆ ಏನೂ ಕುಡಿಯಲ್ಲ ಎಂದು ತಾನೇ ಇದರ ಅರ್ಥ? ಹಾಗಿದ್ದರೆ ‘ಐ ಓನ್ಲಿ ಡ್ರಿಂಕ್ ಕಾಫಿ’ ಸರಿ. ಈಗ ಇನ್ನೊಂದು. ಯಾರೋ ಮೈಸೂರು ಚೆನ್ನಾಗಿದೆ ಅನ್ನುತ್ತಾರೆ. ನೀವು ‘ನಾನು ಮೈಸೂರಲ್ಲೇ ಓದಿದ್ದು’ ಅನ್ನುತ್ತೀರಿ. ಬೇರೆಲ್ಲೂ ಓದಿಲ್ಲ ಎಂದು ಹೇಳುವ ಉದ್ದೇಶ ನಿಮಗಿಲ್ಲ, ಅವರ ಮಾತಿಗೆ ನಿಮ್ಮ ಮಾತನ್ನು ಸೇರಿಸುತ್ತಿದ್ದೀರಿ. ಅಲ್ಲಿ ‘ಐ ಆಕ್ಚುಯಲಿ ಸ್ಟಡೀಡ್ ಇನ್ ಮೈಸೂರು’ ಎನ್ನಬೇಕು. ‘ಆಕ್ಚುಯಲಿ’ ಮಾಡುವ ಈ ಕೆಲಸ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಲೆಕ್ಕದ ಪದಗಳಿಗೆ ಈ ಪರೀಕ್ಷೆಯೂ ಬೇಕಾಗಿಲ್ಲ. ಎರಡೇ, ಐದೇ, ನೂರೇ ಎಂದಲ್ಲೆಲ್ಲ ಧೈರ್ಯವಾಗಿ ‘ಓನ್ಲಿ’ ಹಾಕಬಹುದು.

ಉಚ್ಚಾರ ‘ವೋನ್ಲಿ’ನಾ, ‘ಓನ್ಲಿ’ನಾ?

‘ಓನ್ಲಿ’. ಕನ್ನಡದಲ್ಲಿ ‘ಒಂದು’ ಎನ್ನುವಾಗ ಮಾತಿನಲ್ಲಿ ‘ವೊಂದು’ ಆಗುವುದುಂಟು. ಅದೇ ‘ವ’ ಇಲ್ಲಿಗೂ ಬಂದು ಸೇರಿಕೊಳ್ಳುತ್ತದೆ. ತುಟಿ ದುಂಡಗೆ ಮಾಡಿ ‘ಓ’ ಇಂದಲೇ ಶುರುಮಾಡಿ.

‘ಓನ್ಲಿ’ ಹುಟ್ಟಿದ್ದು ‘ವನ್’ ಎಂಬ ಪದದಿಂದಲೇ. ‘ಅಲೋನ್’ ಕೂಡ ಹಾಗೆಯೇ. ಮುಂದೆ ‘ವನ್’ ತನ್ನ ಉಚ್ಚಾರ ಬದಲಾಯಿಸಿಕೊಂಡಿತು, ಇವೆರಡು ಹಳೆಯ ‘ಓ’ ದನಿಯನ್ನು ಬಿಡಲಿಲ್ಲ. ಬರೆಯುವಾಗ ನಾಲ್ಕೇ ಅಕ್ಷರ: ಓ, ಎನ್, ಎಲ್, ವೈ. ನಡುವೆ ‘ಇ’ ಇಲ್ಲ.

## ವಾಕ್ಯದಲ್ಲಿ ಅದರ ಜಾಗ

ವಾಕ್ಯದಲ್ಲಿ ಓನ್ಲಿಯನ್ನು ಎಲ್ಲಿ ಇಡಬೇಕು? ನಾನು ಯಾವಾಗಲೂ ಕೊನೆಗೆ ಹಾಕ್ತೀನಿ.

ಕನ್ನಡದಲ್ಲಿ ‘ಮಾತ್ರ’ ಪದದ ಹಿಂದೆ ಬರುತ್ತದೆ: ರವಿಗೆ ಮಾತ್ರ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಮುಂದೆ ಬರುತ್ತದೆ: ‘ಓನ್ಲಿ ರವಿ’. ಕನ್ನಡದ ಕ್ರಮವನ್ನೇ ಅಲ್ಲಿಗೂ ಒಯ್ದಾಗ ಅದು ವಾಕ್ಯದ ಬಾಲಕ್ಕೆ ಹೋಗಿ ಸೇರುತ್ತದೆ.

ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಮೀನಾ ಟೋಲ್ಡ್ ರವಿ ಟು ಬಯ್ ಮಿಲ್ಕ್ ಇನ್ ದ ಮಾರ್ನಿಂಗ್’ ಎಂಬ ವಾಕ್ಯ ತಗೊಳ್ಳಿ. ‘ಓನ್ಲಿ ಮೀನಾ ಟೋಲ್ಡ್ ರವಿ’ ಎಂದರೆ ಬೇರೆ ಯಾರೂ ಅವನಿಗೆ ಹೇಳಲಿಲ್ಲ. ‘ಮೀನಾ ಟೋಲ್ಡ್ ಓನ್ಲಿ ರವಿ’ ಎಂದರೆ ಅವಳು ಬೇರೆ ಯಾರಿಗೂ ಹೇಳಲಿಲ್ಲ. ‘ಟು ಬಯ್ ಓನ್ಲಿ ಮಿಲ್ಕ್’ ಎಂದರೆ ಹಾಲು ಸಾಕು, ಮೊಸರು ಬೇಡ. ‘ಓನ್ಲಿ ಇನ್ ದ ಮಾರ್ನಿಂಗ್’ ಎಂದರೆ ಸಂಜೆ ತರಬೇಡ. ಪದ ಒಂದೇ, ಮನೆಗೆ ಬರುವ ಸಾಮಾನು ಬೇರೆ ಬೇರೆ. ಬರೆಯುವಾಗ ಯಾವುದಕ್ಕೆ ಮಿತಿ ಹಾಕುತ್ತೀರೋ ಅದರ ಮುಂದೆಯೇ ಇಡಿ.

‘ಈಸ್’, ‘ಹ್ಯಾವ್’, ‘ಕ್ಯಾನ್’ ಇಂಥವು ಬಂದರೆ ‘ಓನ್ಲಿ’ ಅವುಗಳ ನಂತರ ಬರುತ್ತದೆ. ‘ಶೀ ಈಸ್ ಓನ್ಲಿ ಟೆನ್.’ ‘ಐ ಹ್ಯಾವ್ ಓನ್ಲಿ ಸೀನ್ ಇಟ್ ಒನ್ಸ್.’ ‘ಹೀ ಕ್ಯಾನ್ ಓನ್ಲಿ ಸ್ಪೀಕ್ ಕನ್ನಡ.’ ‘ಓನ್ಲಿ ಕ್ಯಾನ್’ ಎಂದು ತಿರುಗಿಸಬೇಡಿ.

‘ಐ ಓನ್ಲಿ ಏಟ್ ಟೂ ಇಡ್ಲೀಸ್’ ತಪ್ಪು, ‘ಐ ಏಟ್ ಓನ್ಲಿ ಟೂ ಇಡ್ಲೀಸ್’ ಅನ್ನಬೇಕು ಅಂತ ಮೇಷ್ಟ್ರು ಹೇಳಿದ್ರು. ಆದ್ರೆ ಇಂಗ್ಲಿಷ್ ಜನರೇ ಮೊದಲನೇ ಥರ ಮಾತಾಡ್ತಾರಲ್ಲ?

ಮಾತಾಡುತ್ತಾರೆ, ಮತ್ತು ಅದು ಸರಿ. ಇಂಗ್ಲಿಷ್ ತಾಯ್ನುಡಿಯವರು ಮಾತಿನಲ್ಲಿ ‘ಓನ್ಲಿ’ಯನ್ನು ಹೆಚ್ಚಾಗಿ ಕ್ರಿಯಾಪದದ ಮುಂದೆಯೇ ಇಡುತ್ತಾರೆ. ಮಿತಿ ಯಾವುದಕ್ಕೆ ಎಂಬುದನ್ನು ದನಿ ಹೇಳುತ್ತದೆ. ‘ಟೂ’ ಮೇಲೆ ಭಾರ ಬಿದ್ದರೆ ಎರಡೇ ಇಡ್ಲಿ. ‘ಇಡ್ಲೀಸ್’ ಮೇಲೆ ಬಿದ್ದರೆ ವಡೆ ಮುಟ್ಟಲಿಲ್ಲ.

ಈ ಜಗಳ ಹಳೆಯದು. ಬ್ರಿಟನ್ನಿನ ಹೆನ್ರಿ ಫೌಲರ್ 1926ರಲ್ಲಿ ಹೊರತಂದ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲೇ ಇದರ ಚರ್ಚೆ ಇದೆ. ‘ಹೀ ಓನ್ಲಿ ಡೈಡ್ ಎ ವೀಕ್ ಅಗೋ’ ಎಂಬ ಮಾತನ್ನು ತಿದ್ದಲು ಹೋಗುವವರ ಜೊತೆ ಅವರು ಒಪ್ಪಲಿಲ್ಲ. ಗೊಂದಲಕ್ಕೆ ಜಾಗವೇ ಇಲ್ಲದಿದ್ದಾಗ ಸಹಜವಾದ ಮಾತನ್ನು ಯಾಕೆ ಕದಲಿಸಬೇಕು ಎಂಬುದು ಅವರ ವಾದ. ನನಗೂ ಅದೇ ಸರಿ ಕಾಣುತ್ತದೆ.

ಮೇಷ್ಟ್ರ ಮಾತಿಗೂ ಒಂದು ಜಾಗ ಇದೆ. ಬರಹದಲ್ಲಿ ದನಿ ಇರುವುದಿಲ್ಲ. ‘ವಿ ಓನ್ಲಿ ರಿಪೇರ್ ಫೋನ್ಸ್ ಬಾಟ್ ಹಿಯರ್’ ಎಂಬ ಬೋರ್ಡ್ ನೋಡಿ. ಇಲ್ಲಿ ಕೊಂಡ ಫೋನು ಮಾತ್ರ ರಿಪೇರಿ ಮಾಡುತ್ತಾರೋ, ಅಥವಾ ಅವನ್ನು ಬರೀ ರಿಪೇರಿ ಮಾಡುತ್ತಾರೆ, ವಾಪಸ್ ತಗೊಳ್ಳುವುದಿಲ್ಲವೋ? ಒಪ್ಪಂದ, ನೋಟಿಸು, ಸೂಚನೆ, ಪರೀಕ್ಷೆಯ ಉತ್ತರ ಇಂಥ ಕಡೆ ಮೇಷ್ಟ್ರು ಹೇಳಿದಂತೆ ಬರೆಯಿರಿ.

‘ಲೇಡೀಸ್ ಓನ್ಲಿ’ ಅಂತ ಬೋರ್ಡ್ ಇರುತ್ತೆ, ಚೆಕ್ ಮೇಲೆ ‘ಫೈವ್ ಥೌಸಂಡ್ ಓನ್ಲಿ’ ಅಂತ ಬರೀತೀವಿ. ಅಲ್ಲಿ ಕೊನೆಗೆ ಬಂದ್ರೆ ಸರಿ, ನಾನು ಹೇಳಿದ್ರೆ ತಪ್ಪಾ?

ಒಳ್ಳೆ ಪ್ರಶ್ನೆ. ಕೊನೆಗೆ ಬರಬಾರದು ಎಂಬ ನಿಯಮ ಇಂಗ್ಲಿಷಿನಲ್ಲಿ ಇಲ್ಲ. ಬೋರ್ಡು, ಫಾರ್ಮು, ಸೂಚನೆಗಳಲ್ಲಿ ನಾಮಪದದ ಹಿಂದೆ ಅದು ಬಂದೇ ಬರುತ್ತದೆ. ಅಲ್ಲೆಲ್ಲ ಅದು ನಿಜವಾಗಿ ಉಳಿದವರನ್ನು ಹೊರಗಿಡುತ್ತಿದೆ. ನಮ್ಮ ‘ಮಹಿಳೆಯರಿಗೆ ಮಾತ್ರ’ ಕೂಡ ಅದನ್ನೇ ಮಾಡುತ್ತದೆ. ಚೆಕ್ಕಿನಲ್ಲಿ ಮೊತ್ತದ ಹಿಂದೆ ಬರೆಯುವುದು ಆಮೇಲೆ ಯಾರೂ ಇನ್ನೊಂದು ಪದ ಸೇರಿಸಿ ಮೊತ್ತ ಹೆಚ್ಚಿಸದಿರಲಿ ಎಂದು. ಕನ್ನಡ ರಸೀದಿಯಲ್ಲೂ ‘ಐದು ಸಾವಿರ ರೂಪಾಯಿಗಳು ಮಾತ್ರ’ ಎಂದು ಬರೆಯುವುದು ಅದಕ್ಕೇ. ‘ಅಕೌಂಟ್ ಪೇಯೀ ಓನ್ಲಿ’ ಎಂದು ಗೀಟು ಹಾಕಿದರೆ ಹಣ ಆ ವ್ಯಕ್ತಿಯ ಖಾತೆಗೇ ಹೋಗಬೇಕು, ಕೈಗೆ ನಗದು ಕೊಡುವ ಹಾಗಿಲ್ಲ.

‘ಐ ಆಮ್ ಫ್ರಮ್ ಹಾಸನ್ ಓನ್ಲಿ’ ಎನ್ನುವಾಗ ನೀವು ಯಾರನ್ನೂ, ಯಾವುದನ್ನೂ ಹೊರಗಿಡುತ್ತಿಲ್ಲ. ತೊಡಕಿರುವುದು ಅಲ್ಲಿ.

ಇಂಟರ್‌ವ್ಯೂನಲ್ಲಿ ‘ಐ ಆಮ್ ಓನ್ಲಿ ಸನ್ ಟು ಮೈ ಪೇರೆಂಟ್ಸ್’ ಅಂದೆ. ಸರಿನಾ?

‘ದಿ’ ಬೇಕು: ‘ಐ ಆಮ್ ದಿ ಓನ್ಲಿ ಸನ್’. ಅಕ್ಕತಂಗಿಯರೂ ಇಲ್ಲದಿದ್ದರೆ ‘ಐ ಆಮ್ ಆನ್ ಓನ್ಲಿ ಚೈಲ್ಡ್’. ಇಲ್ಲಿ ‘ಓನ್ಲಿ’ ವಿಶೇಷಣ, ನಮ್ಮ ‘ಒಬ್ಬನೇ’, ‘ಏಕೈಕ’ ಇದ್ದ ಹಾಗೆ. ‘ಆನ್’ ಎಂಬುದನ್ನು ಹಿಂದೆಮುಂದೆ ಮಾಡಿ ‘ಐ ಆಮ್ ಓನ್ಲಿ ಎ ಚೈಲ್ಡ್’ ಎಂದರೆ ‘ನಾನಿನ್ನೂ ಮಗು’ ಎಂದಾಗಿಬಿಡುತ್ತದೆ.

## ಸಮಯದ ಮಾತು

‘ಐ ಸೆಂಟ್ ಇಟ್ ಯೆಸ್ಟರ್ಡೇ ಓನ್ಲಿ’ ಅಂದ್ರೆ ಹೊರದೇಶದ ಮ್ಯಾನೇಜರ್ ಯಾಕೆ ಮುಖ ಗಂಟಿಕ್ಕಿಕೊಂಡ್ರು?

ನೀವು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಅವರಿಗೆ ಕೇಳಿಸಿತು. ನನ್ನ ಮಟ್ಟಿಗೆ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಯಾಕೆಂದರೆ ಇಲ್ಲಿ ನಷ್ಟ ಆಗುವುದು ನಿಮ್ಮ ಒಳ್ಳೆಯ ಹೆಸರಿಗೆ.

‘ನಿನ್ನೆಯೇ ಕಳಿಸಿದೆ’ ಎನ್ನುವಾಗ ನಿಮ್ಮ ಮನಸ್ಸಿನಲ್ಲಿರುವುದು ‘ಇವತ್ತಿನ ತನಕ ಕಾಯಲಿಲ್ಲ, ಅಷ್ಟು ಮುಂಚೆಯೇ ಮುಗಿಸಿದೆ’ ಎಂದು. ಆದರೆ ಇಂಗ್ಲಿಷಿನಲ್ಲಿ ಕಳೆದ ಸಮಯದ ಜೊತೆ ‘ಓನ್ಲಿ’ ಬಂದರೆ ಅದು ತಡದ ಕಡೆಗೆ ವಾಲುತ್ತದೆ. ಅವರಿಗೆ ಕೇಳಿಸಿದ್ದು ‘ನಿನ್ನೆಯಷ್ಟೇ ಕಳಿಸಿದೆ, ಅಲ್ಲಿಯ ತನಕ ಕಳಿಸಿರಲಿಲ್ಲ’ ಎಂದು. ನೀವು ಬೇಗ ಮಾಡಿದೆ ಎಂದಿರಿ, ಅವರು ತಡ ಮಾಡಿದ ಎಂದುಕೊಂಡರು.

ಕನ್ನಡಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ‘ಮಗ ಸೋಮವಾರವೇ ಬಂದ’ ಎಂದರೆ ಬೇಗ ಬಂದ. ‘ಮಗ ಸೋಮವಾರವಷ್ಟೇ ಬಂದ’ ಎಂದರೆ ಬಂದು ಜಾಸ್ತಿ ದಿನ ಆಗಿಲ್ಲ. ಇಂಗ್ಲಿಷಿನ ‘ಓನ್ಲಿ ಆನ್ ಮಂಡೇ’ ಎರಡನೆಯದಕ್ಕೆ ಸರಿಹೊಂದುತ್ತದೆ. ಮೊದಲನೆಯದಕ್ಕೆ ಬೇಕಾದ್ದು ‘ಆಲ್ರೆಡಿ’, ಅಥವಾ ‘ಆಸ್ ಅರ್ಲಿ ಆಸ್ ಮಂಡೇ’, ‘ಬ್ಯಾಕ್ ಆನ್ ಮಂಡೇ’. ಬಹಳಷ್ಟು ಸಲ ಏನೂ ಬೇಡ. ‘ಐ ಸೆಂಟ್ ಇಟ್ ಯೆಸ್ಟರ್ಡೇ’ ಎಂದರೆ ಮುಗಿಯಿತು. ದಿನ ಹೇಳದೆ ‘ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್’ ಎಂದರೂ ಚೆಂದ. ಎರಡನ್ನೂ ಬೆರೆಸಿ ‘ಐ ಹ್ಯಾವ್ ಆಲ್ರೆಡಿ ಸೆಂಟ್ ಇಟ್ ಯೆಸ್ಟರ್ಡೇ’ ಎನ್ನಬೇಡಿ. ‘ಹ್ಯಾವ್ ಸೆಂಟ್’ ಜೊತೆ ‘ಯೆಸ್ಟರ್ಡೇ’ ಒಗ್ಗುವುದಿಲ್ಲ.

‘ಯೆಸ್ಟರ್ಡೇ ಇಟ್ಸೆಲ್ಫ್’ ಆಗಬಹುದಾ ಎಂದು ಕೇಳುವವರಿದ್ದಾರೆ. ಅದೂ ನಮ್ಮ ಕಡೆಯದೇ, ಹೊರಗಿನವರ ಕಿವಿಗೆ ಹೊಸದು. ಆದರೆ ಅರ್ಥವನ್ನು ತಲೆಕೆಳಗು ಮಾಡುವುದಿಲ್ಲ. ಎರಡರಲ್ಲಿ ಒಂದು ಬಾಯಿಗೆ ಬಂದೇ ಬರುತ್ತದೆ ಎಂದಾದರೆ ಅದೇ ವಾಸಿ.

‘ವಿಲ್ ಸೆಂಡ್ ಟುಮಾರೋ ಓನ್ಲಿ’ ಅಂತ ಬರೆದೆ. ನಾಳೆಯೇ ಕಳಿಸ್ತೀನಿ ಅಂತ ಭರವಸೆ ಕೊಟ್ಟೆ. ಅವರು ‘ಅಷ್ಟು ಲೇಟಾ’ ಅಂದ್ರು!

ಮುಂದಿನ ಸಮಯಕ್ಕೂ ಅದೇ ಕಥೆ. ‘ಟುಮಾರೋ ಓನ್ಲಿ’ ಎಂದರೆ ಅವರಿಗೆ ‘ನಾಳೆಯ ತನಕ ಆಗಲ್ಲ’ ಎಂದು ಕೇಳುತ್ತದೆ. ಭರವಸೆ ಕೊಡುವಾಗ ‘ಬೈ ಟುಮಾರೋ’, ‘ಟುಮಾರೋ ವಿದೌಟ್ ಫೇಲ್’ ಎನ್ನಿ. ಬೆಳಿಗ್ಗೆ ಎದ್ದ ತಕ್ಷಣ ಮಾಡುವುದಾದರೆ ‘ಫಸ್ಟ್ ಥಿಂಗ್ ಟುಮಾರೋ’. ನಿಜಕ್ಕೂ ತಡ ಆಗುತ್ತದೆ ಎಂದು ತಿಳಿಸಬೇಕಾದರೆ ‘ಇಟ್ ವೋಂಟ್ ಬಿ ರೆಡಿ ಅಂಟಿಲ್ ಟುಮಾರೋ’ ಎಂಬುದು ಅವರ ರೂಢಿಯ ಮಾತು. ‘ಓನ್ಲಿ ಟುಮಾರೋ’ಗಿಂತ ಅದು ಸ್ಪಷ್ಟ.

‘ಈಗ ತಾನೇ ಬಂದೆ’ ಅನ್ನೋಕೆ ‘ನೌ ಓನ್ಲಿ ಐ ಕೇಮ್’ ಅನ್ನಬಹುದಾ?

ಇಲ್ಲಿ ‘ಜಸ್ಟ್’ ಬೇಕು. ‘ಐ ಹ್ಯಾವ್ ಜಸ್ಟ್ ಕಮ್.’ ಅಮೆರಿಕದಲ್ಲಿ ‘ಐ ಜಸ್ಟ್ ಗಾಟ್ ಹಿಯರ್’ ಜಾಸ್ತಿ ಕೇಳಿಸುತ್ತದೆ. ಎರಡೂ ಜೊತೆಯಾಗಿ ‘ಓನ್ಲಿ ಜಸ್ಟ್’ ಎಂದು ಬರುವುದೂ ಉಂಟು. ‘ಐ ಹ್ಯಾವ್ ಓನ್ಲಿ ಜಸ್ಟ್ ಕಮ್’ ಎಂದರೆ ಇನ್ನೂ ಚಪ್ಪಲಿ ಬಿಚ್ಚಿಲ್ಲ, ಅಷ್ಟು ಈಗ. ‘ವಿ ಓನ್ಲಿ ಜಸ್ಟ್ ಕಾಟ್ ದ ಟ್ರೇನ್’ ಎಂದರೆ ಸ್ವಲ್ಪದರಲ್ಲಿ ರೈಲು ತಪ್ಪುತ್ತಿತ್ತು.

## ಸ್ವಲ್ಪ ಮುಂದೆ ಹೋದವರಿಗೆ

‘ಅಪ್ಪನಿಗೆ ಮಾತ್ರ ಹೇಳಬೇಡ’ ಅನ್ನೋದನ್ನ ‘ಡೋಂಟ್ ಟೆಲ್ ಓನ್ಲಿ ಡ್ಯಾಡ್’ ಅಂದೆ. ಫ್ರೆಂಡ್ ಹೋಗಿ ಎಲ್ಲರಿಗೂ ಹೇಳಿಬಿಟ್ಲು. ಎಲ್ಲಿ ತಪ್ಪಾಯ್ತು?

ಅವಳು ವಾಕ್ಯವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಳು. ‘ಡೋಂಟ್ ಟೆಲ್ ಓನ್ಲಿ ಡ್ಯಾಡ್’ ಎಂದರೆ ‘ಅಪ್ಪನಿಗಷ್ಟೇ ಹೇಳಿ ನಿಲ್ಲಿಸಬೇಡ, ಉಳಿದವರಿಗೂ ಹೇಳು’ ಎಂದು!

ನಮ್ಮ ‘ಮಾತ್ರ’ಕ್ಕೆ ಎರಡು ಮುಖ ಇವೆ. ಒಂದು ಮಿತಿ ಹಾಕುವುದು. ಇನ್ನೊಂದು ಎಚ್ಚರಿಕೆಯ, ಬೇರೆ ಮಾಡಿ ತೋರಿಸುವ ಒತ್ತು: ‘ಏನು ಬೇಕಾದರೂ ಮಾಡು, ಇದೊಂದು ಮಾತ್ರ ಬೇಡ’. ‘ಓನ್ಲಿ’ಗೆ ಈ ಎರಡನೆಯ ಮುಖ ಇಲ್ಲ. ಇಂಥ ಕಡೆ ‘ವಾಟೆವರ್ ಯು ಡೂ, ಡೋಂಟ್ ಟೆಲ್ ಡ್ಯಾಡ್’ ಅಥವಾ ‘ಜಸ್ಟ್ ಡೋಂಟ್ ಟೆಲ್ ಡ್ಯಾಡ್’ ಎನ್ನಿ. ‘ನಾನು ಮಾತ್ರ ಅಲ್ಲಿಗೆ ಹೋಗಲ್ಲ’ ಎಂದು ಹಟದಿಂದ ಹೇಳುವಾಗಲೂ ಹೀಗೇ. ಅದು ‘ನಾನಂತೂ ಹೋಗಲ್ಲ’ ಎಂಬ ಮಾತು. ‘ಐ, ಫಾರ್ ವನ್, ಆಮ್ ನಾಟ್ ಗೋಯಿಂಗ್’ ಎನ್ನಬೇಕು. ಉಳಿದವರೆಲ್ಲ ಹೋಗುತ್ತಿದ್ದು ನೀವೊಬ್ಬರೇ ಉಳಿಯುವುದಾದರೆ ‘ಐ ಆಮ್ ದಿ ಓನ್ಲಿ ವನ್ ಹೂ ಈಸ್ ನಾಟ್ ಗೋಯಿಂಗ್’.

ಔಷಧಿಯ ವಿಷಯದಲ್ಲಿ ಇದು ಆಟವಲ್ಲ. ‘ಇದನ್ನು ಹಾಲಿನ ಜೊತೆ ಮಾತ್ರ ತಗೋಬೇಡಿ’ ಎಂಬುದನ್ನು ‘ಡೋಂಟ್ ಟೇಕ್ ಇಟ್ ಓನ್ಲಿ ವಿತ್ ಮಿಲ್ಕ್’ ಎಂದರೆ ಹಾಲಿನ ಜೊತೆಗೂ ತಗೋಬಹುದು ಎಂದಾಗುತ್ತದೆ. ಮನೆಯಲ್ಲಿ ಹಿರಿಯರಿಗೆ ಬೇರೆ ಭಾಷೆಯ ನರ್ಸ್ ಬರುತ್ತಿದ್ದರೆ ‘ನೆವರ್ ವಿತ್ ಮಿಲ್ಕ್’ ಎಂದು ನೇರವಾಗಿ ಬರೆದಿಡಿ. ಬೇಡ ಎನ್ನುವ ವಾಕ್ಯದಲ್ಲಿ ‘ಓನ್ಲಿ’ಯನ್ನು ಆದಷ್ಟು ದೂರ ಇಡಿ.

‘ಇಫ್ ಓನ್ಲಿ’ಗೂ ‘ಓನ್ಲಿ ಇಫ್’ಗೂ ಏನು ವ್ಯತ್ಯಾಸ?

‘ಓನ್ಲಿ ಇಫ್’ ಷರತ್ತು. ‘ಐ ವಿಲ್ ಕಮ್ ಓನ್ಲಿ ಇಫ್ ಯು ಕಮ್’ ಎಂದರೆ ನೀನು ಬಂದರೆ ಮಾತ್ರ ಬರುತ್ತೇನೆ. ‘ಇಫ್ ಓನ್ಲಿ’ ಕೊರಗು. ‘ಇಫ್ ಓನ್ಲಿ ಐ ಹ್ಯಾಡ್ ಸ್ಟಡೀಡ್’ ಎಂದರೆ ‘ಅಯ್ಯೋ, ಓದಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು’. ಈಗಿನ ಕೊರಗಿಗೂ ಕ್ರಿಯಾಪದ ಹಿಂದಿನ ಕಾಲಕ್ಕೆ ಹೋಗುತ್ತದೆ: ‘ಇಫ್ ಓನ್ಲಿ ಐ ನ್ಯೂ ಹಿಸ್ ನಂಬರ್’.

ತರ್ಕದ ಪ್ರಶ್ನೆಗಳಿರುವ ಪರೀಕ್ಷೆ ಬರೆಯುವವರು ಇನ್ನೊಂದು ಗಮನಿಸಿ. ‘ಫೀ ಕಟ್ಟಿದರೆ ಮಾತ್ರ ಸರ್ಟಿಫಿಕೇಟ್’ ಎಂದರೆ ಕಟ್ಟದವರಿಗೆ ಸಿಗುವುದಿಲ್ಲ. ಕಟ್ಟಿದವರಿಗೆಲ್ಲ ಸಿಕ್ಕೇ ಸಿಗುತ್ತದೆ ಎಂದು ಅದು ಹೇಳುವುದಿಲ್ಲ. ‘ಓನ್ಲಿ ಇಫ್’ ಕೂಡ ಅಷ್ಟೇ ಹೇಳುತ್ತದೆ.

‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’ ಅಂತ ಓದಿದೆ. ಪ್ರಶ್ನೆ ಅಲ್ಲ, ಆದ್ರೂ ‘ಡಿಡ್ ಐ’ ಯಾಕೆ?

‘ಓನ್ಲಿ’ಯ ಹೊಟ್ಟೆಯಲ್ಲಿ ಒಂದು ‘ಇಲ್ಲ’ ಇದೆ. ‘ಆಗ ಮಾತ್ರ ಅರ್ಥವಾಯಿತು’ ಎಂದರೆ ‘ಅದಕ್ಕೆ ಮೊದಲು ಅರ್ಥವಾಗಿರಲಿಲ್ಲ’ ಎಂದೂ ಆಯಿತಲ್ಲ. ಇಂಗ್ಲಿಷಿನಲ್ಲಿ ‘ನೆವರ್’ ಥರದ ‘ಇಲ್ಲ’ ಎನ್ನುವ ಮಾತು ವಾಕ್ಯದ ಮುಂದೆ ಬಂದರೆ ಕ್ರಮ ತಿರುಗುತ್ತದೆ: ‘ನೆವರ್ ಹ್ಯಾವ್ ಐ ಸೀನ್’. ‘ಓನ್ಲಿ’ ಕೂಡ ಸಮಯ, ಕಾರಣ, ರೀತಿಯ ಮಾತನ್ನು ಹಿಡಿದುಕೊಂಡು ಮುಂದೆ ಬಂದರೆ ಹಾಗೇ ತಿರುಗಿಸುತ್ತದೆ. ತಿರುಗುವುದು ಮುಖ್ಯ ವಾಕ್ಯ. ‘ಓನ್ಲಿ ಆಫ್ಟರ್ ಹೀ ಲೆಫ್ಟ್ ಡಿಡ್ ಐ ಅಂಡರ್‌ಸ್ಟ್ಯಾಂಡ್.’ ಇದರಲ್ಲಿ ‘ಹೀ ಲೆಫ್ಟ್’ ಇದ್ದ ಹಾಗೇ ಇದೆ, ನೋಡಿ.

ಕರ್ತೃವಿನ ಮುಂದೆ ಬಂದರೆ ತಿರುಗುವುದಿಲ್ಲ: ‘ಓನ್ಲಿ ಮೀನಾ ನೋಸ್’. ‘ನಿನ್ನೆಯಷ್ಟೇ’ ಎಂಬ ಅರ್ಥದಲ್ಲೂ ತಿರುಗಿಸದೆ ಬಿಡುವುದು ರೂಢಿ: ‘ಓನ್ಲಿ ಯೆಸ್ಟರ್ಡೇ ಐ ಸಾ ಹಿಮ್’. ಅಲ್ಲಿ ‘ಇಲ್ಲ’ಕ್ಕಿಂತ ‘ತೀರಾ ಇತ್ತೀಚೆಗೆ’ ಎಂಬುದೇ ಮುಂದಿದೆ.

ಆ ಒಳಗಿನ ‘ಇಲ್ಲ’ ಇನ್ನೊಂದು ಕಡೆಯೂ ಕಾಣುತ್ತದೆ. ‘ಎನಿಥಿಂಗ್’ ಸಾಮಾನ್ಯವಾಗಿ ‘ಇಲ್ಲ’ ಎನ್ನುವ ಮಾತು ಅಥವಾ ಪ್ರಶ್ನೆಯ ಜೊತೆ ಬರುವ ಪದ. ‘ರವಿ ಸೆಡ್ ಎನಿಥಿಂಗ್’ ಎನ್ನುವ ಹಾಗಿಲ್ಲ. ಆದರೆ ‘ಓನ್ಲಿ ರವಿ ಸೆಡ್ ಎನಿಥಿಂಗ್’ ಸರಿ. ಬಾಯಿ ಬಿಟ್ಟವನು ರವಿ ಒಬ್ಬ, ಉಳಿದವರು ಏನೂ ಹೇಳಲಿಲ್ಲ.

‘ನಾಟ್ ಓನ್ಲಿ… ಬಟ್ ಆಲ್ಸೋ’ ಬಳಸುವಾಗ ಏನು ನೋಡಿಕೊಳ್ಳಬೇಕು?

ಎರಡೂ ಕಡೆ ಒಂದೇ ಜಾತಿಯ ಪದ ಇರಲಿ. ‘ಶೀ ಸ್ಪೀಕ್ಸ್ ನಾಟ್ ಓನ್ಲಿ ತುಳು ಬಟ್ ಆಲ್ಸೋ ಕೊಂಕಣಿ’ ಚೆನ್ನಾಗಿದೆ. ‘ಶೀ ನಾಟ್ ಓನ್ಲಿ ಸ್ಪೀಕ್ಸ್ ತುಳು ಬಟ್ ಆಲ್ಸೋ ಕೊಂಕಣಿ’ ಕುಂಟುತ್ತದೆ. ಅಲ್ಲಿ ಒಂದು ಕಡೆ ಕ್ರಿಯಾಪದ ಇದೆ, ಇನ್ನೊಂದು ಕಡೆ ಇಲ್ಲ.

‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಅಂದ್ರು. ಖುಷಿನೋ, ಬೇಜಾರೋ?

ತುಂಬಾ ಖುಷಿ. ‘ಓನ್ಲಿ ಟೂ’ ಎಂದರೆ ‘ಬಹಳ’. ಕಹಿ ವಿಷಯಕ್ಕೂ ಬರುತ್ತದೆ: ‘ಓನ್ಲಿ ಟೂ ಟ್ರೂ’ ಎಂದರೆ ಸುಳ್ಳಾಗಿದ್ದರೆ ಚೆನ್ನಾಗಿತ್ತು, ಆದರೆ ನಿಜ. ಕಿವಿಗೆ ಹೀಗೇ ಕೇಳಿಸುವ ‘ಓನ್ಲಿ ಟು ಫೈಂಡ್’ ಬೇರೆ. ‘ಐ ರ‍್ಯಾನ್ ಟು ದ ಸ್ಟೇಷನ್, ಓನ್ಲಿ ಟು ಫೈಂಡ್ ದ ಟ್ರೇನ್ ಗಾನ್.’ ಓಡಿ ಹೋದೆ, ಹೋಗಿ ನೋಡಿದರೆ ರೈಲು ಹೊರಟುಹೋಗಿತ್ತು. ನಮ್ಮ ‘ಹೋಗಿ ನೋಡಿದರೆ’ ಇದಕ್ಕೆ ಸರಿಯಾದ ಜೋಡಿ.

ನಮ್ಮ ಮಗಳು ಅಮೆರಿಕದಲ್ಲಿ ಬೆಳೀತಿದ್ದಾಳೆ. ಅವಳ ಕನ್ನಡದಲ್ಲಿ ಇದೇ ತೊಂದರೆ ಉಲ್ಟಾ ಆಗಿದೆ. ‘ನಾನು ಮಾತ್ರ ಹತ್ತು ವರ್ಷ’ ಅಂತಾಳೆ. ಏನು ಮಾಡೋದು?

‘ಐ ಆಮ್ ಓನ್ಲಿ ಟೆನ್’ ಎಂಬುದನ್ನು ಪದಕ್ಕೆ ಪದ ಇಟ್ಟು ಹೇಳುತ್ತಿದ್ದಾಳೆ. ನಾವು ‘ಹಿಯರ್ ಓನ್ಲಿ’ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಹಾಗಾಗಿ ಮಗುವನ್ನು ಗದರಬೇಡಿ.

ಅವಳಿಗೆ ಮೊದಲು ‘ಬರೀ’ ಕಲಿಸಿ. ಅದು ಇಂಗ್ಲಿಷಿನ ಹಾಗೆ ಪದದ ಮುಂದೆ ಬರುವುದರಿಂದ ಬೇಗ ಹತ್ತುತ್ತದೆ: ‘ನನಗೆ ಬರೀ ಹತ್ತು ವರ್ಷ’. ಆಮೇಲೆ ‘ಹತ್ತೇ ವರ್ಷ’. ‘ಮಾತ್ರ’ ಪದದ ಹಿಂದೆ ಬರುತ್ತದೆ ಎಂಬುದು ನಿಧಾನಕ್ಕೆ ಬರಲಿ. ಒತ್ತಿನ ‘ಏ’ಯನ್ನು ನಿಯಮ ಹೇಳಿ ಕಲಿಸುವುದು ಕಷ್ಟ, ಕೇಳಿಸಿ ಕಲಿಸುವುದು ಸುಲಭ. ‘ಯಾವ ಅಂಗಿ ಬೇಕು?’ ಎಂದು ಕೇಳಿ, ಅವಳು ಬೆರಳು ತೋರಿಸಿದಾಗ ‘ಇದೇನಾ?’ ಎನ್ನಿ. ಅಜ್ಜಿಗೆ ಫೋನ್ ಹಚ್ಚಿ ಕೊಡಿ. ಹತ್ತು ನಿಮಿಷದ ಮಾತಿನಲ್ಲಿ ಅಜ್ಜಿಯ ಬಾಯಿಂದ ‘ಅಲ್ಲೇ’, ‘ನೀನೇ’, ‘ಆಗಲೇ’, ‘ಊಟಾನೇ ಮಾಡಿಲ್ವಾ’ ಎಲ್ಲ ಬಂದುಹೋಗುತ್ತವೆ.